ಮಗನನ್ನು ಮನೆಯಲ್ಲೇ ಬಿಟ್ಟು ಹೋಗಿ

ನಮ್ಮ ಕನ್ನಡ ಕೂಟದ ಈ ಸಲದ ಯುಗಾದಿ ಊಟಕ್ಕೆ 120 ಜನ ಎಂದು ಲೆಕ್ಕ ಸಿಕ್ಕಿತ್ತು. ಹಿಂದಿನ ಸಂಜೆ ಶಾಲೆಯ ಸಭಾಂಗಣದ ಅಡುಗೆಮನೆಯಲ್ಲಿ ನಾವು ನಾಲ್ಕೈದು ಹೆಂಗಸರು ಬಿಸಿಬೇಳೆಬಾತಿಗೆ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದೆವು. ನನ್ನ ಪಕ್ಕ ಹಾಸನದ ಕಡೆಯವರೊಬ್ಬರು. ಗಂಡನ ಕೆಲಸದ ಮೇಲೆ ಕಳೆದ ವರ್ಷ ಇಂಗ್ಲೆಂಡಿಗೆ ಬಂದವರು, ವಯಸ್ಸು 54. ಒಂದೇ ಬೀನ್ಸನ್ನು ಎರಡು ನಿಮಿಷದಿಂದ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರು. "ಏನ್ರೀ, ಹುಷಾರಿಲ್ವಾ?" ಎಂದೆ. ಆ ಕಡೆ ಈ ಕಡೆ ನೋಡಿ ದನಿ ಇಳಿಸಿದರು. "ಅಕ್ಕಾ, ಆ ಕೆಳಗಿನ ಟೆಸ್ಟಿಗೆ ಹೋಗಿದ್ದೆ. ಅರ್ಧಕ್ಕೇ ಎದ್ದು ಬಂದ್ಬಿಟ್ಟೆ."

ಸ್ಮಿಯರ್ ಟೆಸ್ಟ್. ಗರ್ಭಕೋಶದ ಬಾಯಿಯ ಪರೀಕ್ಷೆ. ಇಲ್ಲಿ ಜಿಪಿ ಹತ್ತಿರ ಹೆಸರು ಬರೆಸಿದ ಕೂಡಲೇ ಆ ವಯಸ್ಸಿನ ಹೆಂಗಸರಿಗೆ ಕಾಗದ ಬರುತ್ತದೆ, ಇವರಿಗೂ ಬಂದಿತ್ತು. ಅದರಲ್ಲಿ 'ನಿಮ್ಮ ಸರ್ಜರಿಯನ್ನು ಸಂಪರ್ಕಿಸಿ' ಎಂದಿದ್ದದ್ದನ್ನು ಓದಿ ಗಂಡ, "ನಿಂಗೆ ಆಪರೇಷನ್ ಅಂತೆ ಕಣೇ" ಎಂದು ಕಂಗಾಲಾಗಿದ್ದರಂತೆ. ಸರ್ಜರಿ ಅಂದರೆ ಇಲ್ಲಿ ಬರೀ ಜಿಪಿಯ ಕ್ಲಿನಿಕ್ಕು ಎಂದು ತಿಳಿಯುವಷ್ಟರಲ್ಲಿ ಆ ಕಾಗದ ಪಿಜ್ಜಾ ಅಂಗಡಿಯ ಚೀಟಿಗಳ ಕೆಳಗೆ ಡ್ರಾಯರ್ ಸೇರಿ ಐದು ತಿಂಗಳಾಗಿತ್ತು. ಆಮೇಲೆ ನೆನಪೋಲೆ ಬಂತು, ಹೋದರು. ಇಂಗ್ಲಿಷ್ ಸರಾಗವಾಗಿ ಬಾರದು ಎಂದು ಕಾಲೇಜಿಗೆ ಹೋಗುವ ಮಗನನ್ನು ಕರೆದುಕೊಂಡು ಹೋದರು.

ಎಡವಟ್ಟಾದದ್ದು ಅಲ್ಲೇ. ನರ್ಸ್ ಕೇಳುವುದನ್ನು ಕೇಳಿದ್ದಾರೆ: ಮುಟ್ಟು ಯಾವಾಗ ನಿಂತಿತು, ನಿಂತ ಮೇಲೆ ರಕ್ತ ಕಾಣಿಸಿಕೊಂಡದ್ದುಂಟಾ, ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುತ್ತಾ. ಇಪ್ಪತ್ತು ವರ್ಷದ ಹುಡುಗ, ಪಾಪ, ಗೋಡೆಯ ಮೇಲಿನ ಕೈ ತೊಳೆಯುವ ಚಿತ್ರ ನೋಡುತ್ತ, "ಅಮ್ಮಾ, ಎಲ್ಲಾ ಆರಾಮಾಗಿದ್ಯಾ ಅಂತ ಕೇಳ್ತಿದಾರೆ" ಎಂದನಂತೆ. "ಹೂಂ, ಆರಾಮು ಅನ್ನು" ಎಂದರಂತೆ ಇವರು. ನರ್ಸ್ ತೊಂದರೆ ಏನೂ ಇಲ್ಲ ಎಂದು ಬರೆದುಕೊಂಡು, ಪರದೆ ಎಳೆದು, ಬಟ್ಟೆ ಸಡಿಲಿಸಿ ಮಲಗಿ ಎಂದು ಕೈಸನ್ನೆ ಮಾಡಿದರು. ಪರದೆಯ ಆಚೆ ಮಗನ ಬೂಟು ಕಾಣುತ್ತಿತ್ತು. "ಆ ಬೂಟು ನೋಡಿದ ಮೇಲೆ ಆಗ್ಲಿಲ್ಲ ಅಕ್ಕಾ" ಎಂದರು.

ಬೂಟಿನ ಮಾತು ಕೇಳಿ ನಗು ಬಂದಿತ್ತು. ಅಷ್ಟರಲ್ಲಿ ಅವರು, "ಎರಡು ತಿಂಗಳಿಂದ ಆಗಾಗ ಕಲೆ ಆಗ್ತಿದೆ, ಅದನ್ನ ಮಗನ ಎದುರಿಗೆ ಹೆಂಗೆ ಹೇಳ್ಲಿ?" ಎಂದರು. ಕೈಯಲ್ಲಿದ್ದ ಚಾಕು ಕೆಳಗಿಟ್ಟೆ. ಮುಟ್ಟು ನಿಂತು ನಾಲ್ಕು ವರ್ಷವಾದ ಹೆಂಗಸಿಗೆ ರಕ್ತ ಕಂಡರೆ ಅದು ಸ್ಮಿಯರ್ ಟೆಸ್ಟಿಗೆ ಕಾಯುವ ವಿಷಯವೇ ಅಲ್ಲ. ಸ್ಮಿಯರ್ ಇರುವುದು ಏನೂ ತೊಂದರೆ ಕಾಣದವರಿಗೆ. ಮುಟ್ಟು ನಿಂತ ಮೇಲೆ ಒಂದೇ ಒಂದು ಸಲ ಕಲೆ ಕಂಡರೂ ನೇರ ಜಿಪಿಗೆ ಫೋನ್ ಮಾಡಬೇಕು, ಹಿಂದಿನ ಸ್ಮಿಯರ್ ಚೆನ್ನಾಗಿ ಬಂದಿದ್ದರೂ ಮಾಡಬೇಕು. 'ಆರಾಮು' ಎಂಬ ಒಂದು ಮಾತು ಅದನ್ನು ನುಂಗಿಬಿಟ್ಟಿತ್ತು.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ತಾಯಿ 'ಕಾಗೆ ಮುಟ್ಟಿದೆ' ಎಂದು ಮೂರು ದಿನ ಮೂಲೆಯಲ್ಲಿ ಕೂರುತ್ತಿದ್ದುದನ್ನು ನೋಡಿ ಬೆಳೆದವರು ನಾವು; ಕಾಗೆ ಹೇಗೆ ಒಳಗೆ ಬಂತು ಎಂದು ನಾನೇ ಆರು ವರ್ಷದವಳಿದ್ದಾಗ ತುಮಕೂರಿನ ಮನೆಯ ಕಿಟಕಿಗಳನ್ನೆಲ್ಲ ನೋಡಿ ಬಂದಿದ್ದೆ. ಆ ಭಾಷೆಯಲ್ಲಿ ಬೆಳೆದ ನಾವು ನಮ್ಮ ಮಕ್ಕಳಿಗೆ ಬೇರೆ ಯಾವ ಭಾಷೆ ಕೊಟ್ಟಿದ್ದೇವೆ? ಸಿಟ್ಟು ಬಂದದ್ದು, ಇಲ್ಲಿ ಎಂಟು ತಿಂಗಳಿದ್ದ ಇವರಿಗೆ ದುಭಾಷಿ ಸಿಗುತ್ತಾರೆ ಎಂದು ನಮ್ಮಲ್ಲಿ ಒಬ್ಬರೂ ಹೇಳಿರಲಿಲ್ಲವಲ್ಲ, ಅದಕ್ಕೆ. ಎಲ್ಲಿ ಕೊತ್ತಂಬರಿ ಸೊಪ್ಪು ಅಗ್ಗ ಎಂದು ಹತ್ತು ಜನ ಹೇಳಿದ್ದೆವು.

ಹಾಗಾಗಿ ಇದೊಂದನ್ನು ಬಿಡಿಸಿ ಬರೆಯುತ್ತೇನೆ. ಎನ್‌ಎಚ್‌ಎಸ್‌ನಲ್ಲಿ ದುಭಾಷಿಗೆ ನೀವು ಒಂದು ಪೆನ್ನಿಯೂ ಕೊಡಬೇಕಿಲ್ಲ. ಆದರೆ ಅವರಾಗಿ ಕೇಳುತ್ತಾರೆಂದು ಕಾಯಬೇಡಿ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ 'ಇಂಟರ್‌ಪ್ರಿಟರ್ ಬೇಕು, ಹೆಂಗಸು ಬೇಕು' ಎಂದು ಹೇಳಬೇಕು. ಆಮೇಲಿನ ತೊಡಕು ನಮ್ಮ ಭಾಷೆಯ ಹೆಸರಿನದು. 'ಕನ್ನಡ' ಎಂದರೆ ಫೋನಿನ ಆ ಕಡೆ ಕೇಳಿಸುವುದು 'ಕೆನಡಾ'. ನನ್ನ ಅತ್ತೆ ಬಂದಿದ್ದಾಗ ಫೋನ್ ಎತ್ತಿದ ಹುಡುಗಿ, ಕೆನಡಾದವರಿಗೆ ಇಂಗ್ಲಿಷ್ ಬರುತ್ತದಲ್ಲವೇ ಎಂದು ಬಹಳ ಮರ್ಯಾದೆಯಿಂದಲೇ ಕೇಳಿದ್ದಳು. ಇಂಡಿಯಾ ಎಂದರೆ ಹಿಂದಿಯವರನ್ನು ಗೊತ್ತು ಮಾಡುತ್ತಾರೆ. ಸೌತ್ ಇಂಡಿಯಾ ಎಂದಿರೋ, ತಮಿಳು. ಅದಕ್ಕೇ ಅಕ್ಷರ ಬಿಡಿಸಿ ಹೇಳಿ: ಕೆ, ಎ, ಎನ್, ಎನ್, ಎ, ಡಿ, ಎ. ಕೆ ಫಾರ್ ಕೈಟ್. ಬರೆದುಕೊಂಡದ್ದನ್ನು ಓದಿ ಹೇಳಿ ಎನ್ನಿ. ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೆ ಮಾಡಿಕೊಳ್ಳಲಿ.

ದುಭಾಷಿ ನಮ್ಮ ಕೂಟದವರೇ ಬಂದುಬಿಟ್ಟರೆ, ಮುಂದಿನ ಗಣೇಶನ ಹಬ್ಬದಲ್ಲಿ ಮುಖ ಹೇಗೆ ನೋಡುವುದು ಎಂಬ ಹೆದರಿಕೆಯೂ ಇದೆ, ಸುಳ್ಳಲ್ಲ. ಹಾಗಿದ್ದರೆ ಫೋನಿನಲ್ಲಿ ಮಾತಾಡುವ ದುಭಾಷಿಯನ್ನು ಕೇಳಿ. ಯಾವುದೋ ಊರಿನಲ್ಲಿ ಕೂತಿರುತ್ತಾರೆ, ನಿಮ್ಮ ಮುಖ ಕಾಣುವುದಿಲ್ಲ, ಸ್ಪೀಕರಿನಲ್ಲಿ ಬರೀ ದನಿ. ಮೊದಲು ಪ್ರಶ್ನೆಗಳನ್ನೆಲ್ಲ ಮುಗಿಸಿ, ನರ್ಸ್ ಏನೇನು ಮಾಡುತ್ತಾರೆಂದು ಕೇಳಿಸಿಕೊಂಡು, ಮಲಗುವ ಹೊತ್ತಿಗೆ ಫೋನ್ ಇಟ್ಟುಬಿಡಿ ಎಂದರೂ ಆಗುತ್ತದೆ. 'ಸ್ಟಾಪ್' ಎಂಬ ಒಂದು ಮಾತು ಎಲ್ಲರಿಗೂ ಬರುತ್ತದೆ. ನೀವು ಹೇಳಿದ ಕ್ಷಣ ಅವರು ನಿಲ್ಲಿಸಬೇಕು.

ಇಷ್ಟೆಲ್ಲ ಉಪದೇಶ ಮಾಡುವ ನಾನು ಎಂಟು ವರ್ಷ ಈ ಟೆಸ್ಟ್ ತಪ್ಪಿಸಿಕೊಂಡವಳು. 1994ರಲ್ಲಿ ಈ ದೇಶಕ್ಕೆ ಬಂದಾಗ ಮೂವತ್ತರ ಹರೆಯ, ಕಾಗದ ಬಂದರೆ ಹೋಗಿ ಬರುತ್ತಿದ್ದೆ. ಮುಟ್ಟು ನಿಂತು ಎರಡು ವರ್ಷಕ್ಕೆ ಹೋದಾಗ ಮಾತ್ರ ಪ್ರಾಣ ಹೋದಷ್ಟು ನೋವಾಯಿತು. ಯಾರಿಗೂ ಹೇಳಲಿಲ್ಲ. ವಯಸ್ಸಾಯಿತು, ಇನ್ನು ಇದೆಲ್ಲ ಯಾಕೆ, ನಮಗೇನು ಅಂಥದ್ದಾಗುತ್ತದೆ ಎಂದು ಕಾಗದಗಳನ್ನು ಹರಿದು ಹಾಕುತ್ತಿದ್ದೆ. ನೋವಿನ ಹೆದರಿಕೆಗೆ ನಾಚಿಕೆಯ ಹೆಸರು ಕೊಟ್ಟಿದ್ದೆ ಎಂದು ಈಗ ಅನ್ನಿಸುತ್ತದೆ. ನಮ್ಮ ತಲೆಮಾರಿನವರು ಹೆರಿಗೆ ವಾರ್ಡಿನಲ್ಲಿ ಕಾಲು ಸರಿಸಿದ್ದಕ್ಕೂ ಬೈಸಿಕೊಂಡು ಹೆತ್ತವರು. ಮೈ ಅದನ್ನು ಮರೆಯುವುದಿಲ್ಲ.

ಕೊನೆಗೆ ಬಿ.ಪಿ. ನೋಡಿಸಲು ಹೋದಾಗ ವಯಸ್ಸಾದ ನರ್ಸ್ ಒಬ್ಬರು ಕಂಪ್ಯೂಟರ್ ನೋಡಿ, ಯಾಕೆ ಬಂದಿಲ್ಲ, ಹಿಂದಿನ ಸಲ ನೋವಾಗಿತ್ತಾ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ನೋವಿನ ಮಾತೆತ್ತಿರಲಿಲ್ಲ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ, ನೋವಿಗೆ ಅದೇ ಕಾರಣ ಎಂದರು. ಟೆಸ್ಟಿಗೆ ಕೆಲವು ವಾರ ಮುಂಚಿನಿಂದ ಹಚ್ಚಿಕೊಳ್ಳಲು ಈಸ್ಟ್ರೋಜನ್ ಕ್ರೀಮನ್ನು ಡಾಕ್ಟರರಿಂದ ಬರೆಸಿಕೊಟ್ಟರು. ಸ್ತನದ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಡಾಕ್ಟರಿಗೆ ಹೇಳಬೇಕು. ಟೆಸ್ಟಿನ ಹಿಂದಿನ ಎರಡು ದಿನ ಯಾವ ಕ್ರೀಮೂ ಹಚ್ಚಬಾರದು. ಸ್ಪೆಕ್ಯುಲಮ್ ಎಂಬ ಆ ಕೊಕ್ಕಿನ ಆಕಾರದ ಪ್ಲಾಸ್ಟಿಕ್ ಸಾಧನದಲ್ಲೂ ಅಳತೆಗಳಿವೆ, ಸಣ್ಣದು ಕೇಳಬಹುದು. ಬೇಕೆಂದರೆ ನೀವೇ ಒಳಗೆ ತೂರಿಸಿಕೊಳ್ಳಬಹುದು. ಬೆನ್ನ ಮೇಲೆ ಮಲಗಲು ಸಂಕೋಚವಾದರೆ ಎಡಮಗ್ಗುಲಾಗಿ ಮಲಗಿಯೂ ಮಾಡಿಸಿಕೊಳ್ಳಬಹುದು; ನಾನು ಹಾಗೇ ಮಾಡಿಸಿಕೊಂಡೆ, ಗೋಡೆ ನೋಡುತ್ತ. ಬಟ್ಟೆಯ ವಿಷಯ ಯಾರೂ ಹೇಳುವುದಿಲ್ಲ: ಪ್ಯಾಂಟು, ಚೂಡಿದಾರ ಬೇಡ. ಅಗಲವಾದ ಉದ್ದ ಲಂಗವೋ ಸೀರೆಯೋ ಉಟ್ಟು ಹೋದರೆ ಮೇಲಕ್ಕೆ ಸರಿಸಿದರೆ ಆಯಿತು. ಮೇಲೆ ಹೊದಿಕೆಯೊಂದನ್ನು ಕೊಡುತ್ತಾರೆ. ನಾನು ನಮ್ಮಮ್ಮನ ಹಳೇ ಇಳಕಲ್ ಸೀರೆ ಉಟ್ಟು ಹೋಗಿದ್ದೆ. ಆ ನರ್ಸ್ ಅಂಚು ಮುಟ್ಟಿ ನೋಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು, ಬಾಗಲಕೋಟೆಯ ಕತೆ ಹೇಳುವಷ್ಟರಲ್ಲಿ ಮುಗಿದಿತ್ತು.

ಸಣ್ಣ ಮೆತ್ತನೆಯ ಬ್ರಶ್ಶಿನಿಂದ ಗರ್ಭಕೋಶದ ಬಾಯಿಯನ್ನು ಸವರಿ, ಅದರ ತುದಿಯನ್ನು ಪುಟ್ಟ ಡಬ್ಬಿಯ ದ್ರವಕ್ಕೆ ಹಾಕುತ್ತಾರೆ. ಇಂಗ್ಲೆಂಡಿನಲ್ಲಿ 2019ರಿಂದ ಅದರಲ್ಲಿ ಮೊದಲು ನೋಡುವುದು ಗರ್ಭಕೋಶದ ಬಾಯಿಯ ಕ್ಯಾನ್ಸರ್ ತರಬಲ್ಲ ಎಚ್‌ಪಿವಿ ವೈರಸ್ ಇದೆಯೇ ಎಂದು. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಇದ್ದರೆ ಮಾತ್ರ ಅದೇ ದ್ರವದಲ್ಲಿ ಜೀವಕೋಶ ಕೆಟ್ಟಿದೆಯೇ ನೋಡುತ್ತಾರೆ. ಕೆಟ್ಟಿಲ್ಲದಿದ್ದರೆ ಒಂದು ವರ್ಷ ಬಿಟ್ಟು ಮತ್ತೆ ಕರೆಯುತ್ತಾರೆ.

ಈ 'ಎಚ್‌ಪಿವಿ ಇದೆ' ಎಂಬ ಕಾಗದ ಕೆಲವು ಮನೆಗಳಲ್ಲಿ ಜಗಳ ತಂದಿದೆ. ಇದು ಮೈಯ ಸಂಪರ್ಕದಿಂದ ಬರುವ ವೈರಸ್, ನಿಜ. ಆದರೆ ಬಹುಪಾಲು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಬಂದು ಹೋಗುವಂಥದ್ದು, ದಶಕಗಟ್ಟಲೆ ಸದ್ದಿಲ್ಲದೆ ಕೂತಿರಬಲ್ಲದು. 58ರಲ್ಲಿ ಕಂಡ ವೈರಸ್ಸು ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಲ್ಯಾಬೂ ಹೇಳಲಾರದು. ಅದು ಕ್ಯಾನ್ಸರ್ ಎಂಬ ಅರ್ಥವೂ ಅಲ್ಲ. ಗಂಡಂದಿರೇ, ಇದನ್ನು ನೀವೂ ಓದಿ.

ನಮ್ಮ ಕಡೆಯಿಂದ ಬಂದವರಿಗೇ ಒಂದು ಮಾತು ಬೇರೆಯಾಗಿ ಹೇಳಬೇಕು. ಊರಿನಲ್ಲಿ ನಲವತ್ತಕ್ಕೇ ಗರ್ಭಕೋಶ ತೆಗೆಸಿಕೊಂಡವರು ನಮ್ಮಲ್ಲಿ ಎಷ್ಟೊಂದು ಜನ. ಗರ್ಭಕೋಶದ ಜೊತೆ ಅದರ ಬಾಯಿಯನ್ನೂ ತೆಗೆದಿದ್ದರೆ ಸಾಮಾನ್ಯವಾಗಿ ಈ ಟೆಸ್ಟ್ ಬೇಕಿಲ್ಲ. ಬಾಯಿ ಬಿಟ್ಟು ಮೇಲಿನದನ್ನಷ್ಟೇ ತೆಗೆದಿದ್ದರೆ ಬೇಕು. "ಎಲ್ಲಾ ತೆಗೆದವ್ರೆ" ಎಂಬ ನೆನಪು ಸಾಲದು. ಇಲ್ಲಿನ ಕಂಪ್ಯೂಟರಿಗೆ ನಿಮ್ಮ ಆಪರೇಷನ್ ಗೊತ್ತಿಲ್ಲ, ಅದು ಕಾಗದ ಕಳಿಸುತ್ತಲೇ ಇರುತ್ತದೆ. ಊರಿನ ಬೀರುವಿನಲ್ಲಿ ಎಲ್‌ಐಸಿ ಬಾಂಡಿನ ಜೊತೆ ಇರುವ ಡಿಸ್ಚಾರ್ಜ್ ಸಮ್ಮರಿಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಲು ನಾದಿನಿಗೋ ತಮ್ಮನಿಗೋ ಇವತ್ತೇ ಹೇಳಿ, ಅದನ್ನು ಜಿಪಿಗೆ ಕೊಡಿ.

ಕಾಗದ ಬರುವುದು 25ರಿಂದ 64ರವರೆಗೆ. ಇಂಗ್ಲೆಂಡಿನಲ್ಲಿ 50 ದಾಟಿದವರಿಗೆ ಮೊದಲಿನಿಂದಲೂ ಐದು ವರ್ಷಕ್ಕೊಮ್ಮೆ. 2025ರ ಜುಲೈಯಿಂದ ಚಿಕ್ಕವರಿಗೂ, ಎಚ್‌ಪಿವಿ ಇಲ್ಲವೆಂದಾದರೆ, ಐದಕ್ಕೇ ಬಂದಿದೆ. 65 ದಾಟಿದವರನ್ನು ಹಿಂದೆ ಏನಾದರೂ ಕಂಡಿದ್ದರೆ ಮಾತ್ರ ಕರೆಯುತ್ತಾರೆ. ಆದರೆ ಜೀವನದಲ್ಲಿ ಒಮ್ಮೆಯೂ ಮಾಡಿಸದವರು, ಅಥವಾ 50ರ ನಂತರ ಮಾಡಿಸದವರು, 65 ಆದ ಮೇಲೂ ಕೇಳಿ ಮಾಡಿಸಿಕೊಳ್ಳಬಹುದು. ಮಗನೋ ಮಗಳೋ ಇಲ್ಲಿ ನೆಲೆ ನಿಂತು ಕರೆಸಿಕೊಂಡ ಅಮ್ಮಂದಿರು ಜಿಪಿ ಹತ್ತಿರ ಹೆಸರು ಬರೆಸಿದ್ದರೆ ಇದನ್ನು ನೆನಪಿಡಿ. ಬಹಳ ವರ್ಷ ತಪ್ಪಿಸಿಕೊಂಡವರಿಗೆ ಮನೆಯಲ್ಲೇ ತಾವೇ ಮಾದರಿ ತೆಗೆಯುವ ಕಿಟ್ ಕೊಡುವುದಾಗಿಯೂ 2025ರಲ್ಲಿ ಸರ್ಕಾರ ಹೇಳಿದೆ. ಹಾಗೆಂದು ಕೈಗೆ ಬಂದ ಅಪಾಯಿಂಟ್‌ಮೆಂಟ್ ಬಿಟ್ಟು ಅದಕ್ಕೆ ಕಾಯುತ್ತ ಕೂರಬೇಡಿ.

ಹಾಸನದವರನ್ನು ಯುಗಾದಿಯ ಮರುದಿನವೇ ಜಿಪಿ ನೋಡಿದರು, ಎರಡು ವಾರದೊಳಗೆ ಸ್ಕ್ಯಾನ್ ಆಯಿತು. ಒಂದು ಪಾಲಿಪ್ ಇತ್ತು, ತೆಗೆದರು, ಕೆಟ್ಟದ್ದೇನೂ ಇಲ್ಲ ಎಂದು ವರದಿ ಬಂತು. ಸ್ಮಿಯರ್ ಟೆಸ್ಟನ್ನು ಆಮೇಲೆ ಮಾಡಿಸಿಕೊಂಡರು, ಫೋನಿನಲ್ಲಿ ಕನ್ನಡದ ಹೆಂಗಸೊಬ್ಬರು ಮಾತಾಡಿದರಂತೆ. ಯಾವ ಊರಿನವರು ಎಂದು ಇವರು ಕೇಳಿದ್ದಾರೆ. ಹೇಳುವ ಹಾಗಿಲ್ಲ ಎಂದರಂತೆ. "ಮಾತಿನ ಧಾಟಿ ಮಂಡ್ಯದ್ದು ಅಕ್ಕಾ, ಗೊತ್ತಾಗಲ್ವಾ" ಎಂದರು.

ಡ್ರಾಯರ್ ತೆಗೆದು ಆ ಕಾಗದ ಹುಡುಕಿ. ಒಬ್ಬರೇ ಹೋಗಲು ಅಳುಕಿದ್ದರೆ ಕೂಟದ ಅಡುಗೆಮನೆಯಲ್ಲಿ ನನ್ನನ್ನು ಹಿಡಿಯಿರಿ, ಜೊತೆಗೆ ಬರುತ್ತೇನೆ. ಕಾರು ನಿಲ್ಲಿಸಲು ಜಾಗ ಮಾತ್ರ ನೀವೇ ಹುಡುಕಬೇಕು.