ಇಂಗ್ಲೀಷ್ ಮಾತಿನ ಪರೀಕ್ಷೆಯಲ್ಲಿ ನಮ್ಮ ಓದು

“ನೀವು ಏನನ್ನು ಓದುತ್ತೀರಿ? ಯಾವ ಬಗೆಯ ಪುಸ್ತಕ ನಿಮಗೆ ಮೆಚ್ಚುಗೆ?” ಇಂಗ್ಲೀಷ್ ಮಾತಿನ ಪರೀಕ್ಷೆಗಳಲ್ಲಿಯೂ ಬೆಂಗಳೂರಿನ ಕಂಪೆನಿಗಳ ಸಂದರ್ಶನಗಳಲ್ಲಿಯೂ ಮೇಲಿಂದ ಮೇಲೆ ಎದುರಾಗುವ ಪ್ರಶ್ನೆ ಇದು. ನೋಡುವುದಕ್ಕೆ ಸುಲಭ, ವ್ಯಾಕರಣವಿಲ್ಲ, ಗಣಿತವಿಲ್ಲ. ಆದರೆ ಮನೆಯಲ್ಲಿ ಪುಸ್ತಕದ ಕಪಾಟು ಎಂಬುದನ್ನೇ ಕಾಣದೆ ಬೆಳೆದು ಕಾಲೇಜಿನ ಮೆಟ್ಟಲು ಹತ್ತಿದ ನಮ್ಮಂಥವರು ಇಲ್ಲಿಯೇ ತಡವರಿಸುತ್ತೇವೆ. ಉತ್ತರವಿಲ್ಲದೆ ಅಲ್ಲ, ಇರುವ ಉತ್ತರವು ಹೇಳುವಂಥದಲ್ಲವೆಂಬ ನಾಚಿಕೆಯಿಂದ. ಈ ನಾಚಿಕೆ ಅನವಶ್ಯಕವಷ್ಟೇ ಅಲ್ಲ, ಅಂಕಗಳ ದೃಷ್ಟಿಯಿಂದ ನಷ್ಟಕರವೂ ಹೌದು ಎಂಬುದನ್ನು ವಿದ್ಯಾರ್ಥಿಮಿತ್ರರ ಮುಂದಿಡಬೇಕೆಂದು ಈ ಲೇಖನ ಬರೆಯುತ್ತಿದ್ದೇನೆ. ಅಧ್ಯಾಪಕರು ತಿದ್ದಬೇಕಾದಲ್ಲಿ ತಿದ್ದಲಿ.

ಉದಾಹರಣೆಗೆ ಐ.ಇ.ಎಲ್.ಟಿ.ಎಸ್. ಪರೀಕ್ಷೆಯನ್ನು ತೆಗೆದುಕೊಳ್ಳೋಣ. 1989ರಿಂದ ನಡೆದುಬಂದಿರುವ ಈ ಪರೀಕ್ಷೆಯಲ್ಲಿ ಮಾತಿನ ಭಾಗ 11ರಿಂದ 14 ನಿಮಿಷ ಮಾತ್ರ. ಮೊದಲು ನಾಲ್ಕೈದು ನಿಮಿಷ ಊರು, ಮನೆ, ಅಭ್ಯಾಸಗಳನ್ನು ಕುರಿತ ಚಿಕ್ಕ ಪ್ರಶ್ನೆಗಳು. ಆಮೇಲೆ ಒಂದು ಚೀಟಿ. 1 ನಿಮಿಷ ಯೋಚಿಸಿ 1ರಿಂದ 2 ನಿಮಿಷ ಒಬ್ಬರೇ ಮಾತನಾಡಬೇಕು. ಕೊನೆಗೆ ಅದೇ ವಿಷಯವನ್ನು ಹಿಡಿದು ಚರ್ಚೆ. ಅಂಕ ಬೀಳುವುದು ನಾಲ್ಕು ಸಂಗತಿಗಳಿಗೆ, ಸಮಪಾಲಿನಲ್ಲಿ: ತಡೆಯಿಲ್ಲದೆ ಸುಸಂಬದ್ಧವಾಗಿ ಮಾತನಾಡುವುದು, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಎಷ್ಟು ಓದಿದ್ದೀರಿ, ಎಂಥ ದೊಡ್ಡ ಲೇಖಕನನ್ನು ಓದಿದ್ದೀರಿ ಎಂಬ ಐದನೆಯ ಕಾಲಮು ಆ ಹಾಳೆಯಲ್ಲಿ ಇಲ್ಲವೇ ಇಲ್ಲ.

ಇದನ್ನು ತಿಳಿಯದೆ ಕೆಡುವವರು ಬಹಳ. ನನ್ನ ದೊಡ್ಡಪ್ಪ ಕೊನೆಗೌಡ. ಇನ್ನೊಬ್ಬರ ತೋಟದಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ಅವನ ಮಗಳು, ನನ್ನ ಅಕ್ಕ, ನರ್ಸಿಂಗ್ ಮುಗಿಸಿ ಬ್ರಿಟನ್ನಿಗೆ ಹೋಗಬೇಕೆಂದು ಈ ಪರೀಕ್ಷೆಗೆ ಕುಳಿತಳು. ಅಲ್ಲಿಯ ನರ್ಸಿಂಗ್ ಮಂಡಳಿಯು ಮಾತಿನ ಭಾಗದಲ್ಲಿ 9ಕ್ಕೆ 7 ಕೇಳುತ್ತದೆ. ಶುಲ್ಕವೋ 15,000 ರೂಪಾಯಿಗೂ ಮಿಕ್ಕಿದ್ದು. ಅದು ಎಷ್ಟು ಮರ ಹತ್ತಿಳಿದ ಕೂಲಿಯೆಂಬುದನ್ನು ಓದುಗರೇ ಲೆಕ್ಕ ಹಾಕಿಕೊಳ್ಳಬಹುದು. ತರಬೇತಿ ಕೊಟ್ಟವರು ಒಂದು ಇಂಗ್ಲೀಷ್ ಕಾದಂಬರಿಯ ಹೆಸರನ್ನೂ ಅದನ್ನು ಹೊಗಳುವ ಎಂಟು ವಾಕ್ಯಗಳನ್ನೂ ಬಾಯಿಪಾಠ ಮಾಡಿಸಿ ಕಳಿಸಿದ್ದರು. ಎಂಟು ವಾಕ್ಯ ಚೆನ್ನಾಗಿಯೇ ಬಂದುವಂತೆ. ಒಂಬತ್ತನೆಯದಾಗಿ ಪರೀಕ್ಷಕರು, “ಆ ಕಥೆಯಲ್ಲಿ ನಿಮಗೆ ಹಿಡಿಸದವರು ಯಾರು?” ಎಂದು ಕೇಳಿದರು. ಅಕ್ಕನಿಗೆ ಬಂದದ್ದು 6. ಮುಂದಿನ ಸಲ ಮತ್ತೆ ಅಷ್ಟೇ ಶುಲ್ಕ.

ಆ ಪರೀಕ್ಷೆ ನಡೆಸುವವರು ಪ್ರಕಟಿಸಿರುವ ಶ್ರೇಣಿವಿವರಗಳಲ್ಲಿ ಬಾಯಿಪಾಠದ ಮಾತಿನ ಉಲ್ಲೇಖ ಸಿಗುವುದು ತೀರ ಕೆಳಗಿನ ಮೆಟ್ಟಲಲ್ಲಿ. ಅದೇ ವಿವರಗಳಲ್ಲಿ ಇನ್ನೊಂದು ಮಾತು ನಡುವಿನಿಂದ ಮೇಲಿನವರೆಗೆ ಮತ್ತೆ ಮತ್ತೆ ಬರುತ್ತದೆ: ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದಗಳಿಂದ ಸುತ್ತಿ ಹೇಳುವ ಸಾಮರ್ಥ್ಯ. 5ನೆಯ ಶ್ರೇಣಿಯವನು ಅದನ್ನು ಪ್ರಯತ್ನಿಸಿ ಕೆಲವೊಮ್ಮೆ ಸೋಲುತ್ತಾನೆ. 6ರವನು ಸಾಮಾನ್ಯವಾಗಿ ಗೆಲ್ಲುತ್ತಾನೆ. 7ರವನು ಪರಿಣಾಮಕಾರಿಯಾಗಿ ಮಾಡುತ್ತಾನೆ. ನಮ್ಮ ಕನ್ನಡದ ಓದು ಉಪಯೋಗಕ್ಕೆ ಬರುವುದು ಇಲ್ಲಿಯೇ. ಇಂಗ್ಲೀಷ್ ಕಾದಂಬರಿಯ ಬಗ್ಗೆ ಹೇಳುವವನಿಗೆ ಸುತ್ತಿ ಹೇಳುವ ಪ್ರಸಂಗವೇ ಬಾರದೆ ಹೋಗಬಹುದು. ಷಟ್ಪದಿಯ ಬಗ್ಗೆ, ತಾಳಮದ್ದಳೆಯ ಬಗ್ಗೆ ಹೇಳುವವನಿಗೆ ಹೆಜ್ಜೆಹೆಜ್ಜೆಗೂ ಬರುತ್ತದೆ.

ತಾಳಮದ್ದಳೆಯೆಂದಾಗ ಒಂದು ಹೋಲಿಕೆ ಹೇಳಬೇಕು. ನಮ್ಮ ಶಿರಸಿ ಸಿದ್ದಾಪುರದ ಕಡೆಯವರಿಗೆ ಇದು ಬೇಗ ಅರ್ಥವಾದೀತು. ಕೂಟದಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿ ಅಚ್ಚಾಗಿರುತ್ತದೆ. ಅದು ಎಲ್ಲರಿಗೂ ಒಂದೇ. ಅರ್ಥ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಅರ್ಥಧಾರಿಯು ಕಥೆಯನ್ನು ಅರಗಿಸಿಕೊಂಡು, ಎದುರಿಗೆ ಕುಳಿತವನು ಎತ್ತುವ ಪ್ರಶ್ನೆಗೆ ಆ ಕ್ಷಣದಲ್ಲಿ ಮಾತು ಹುಟ್ಟಿಸಬೇಕು. ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಹೆಸರು ಇಂದಿಗೂ ಉಳಿದಿರುವುದು ಈ ಕಾರಣದಿಂದಲೇ. ಪರೀಕ್ಷೆಯ ಚೀಟಿ ಭಾಗವತರ ಪದ್ಯವಿದ್ದ ಹಾಗೆ. ನಾವು ಹೇಳಬೇಕಾದುದು ಅರ್ಥ. ಬೇರೆಯವರು ಹೇಳಿದ ಅರ್ಥವನ್ನು ಉರುಹೊಡೆದು ಕೂಟಕ್ಕೆ ಬಂದವನ ಗತಿ ಏನಾಗುತ್ತದೆಂಬುದನ್ನು ನಾವೆಲ್ಲ ಕಂಡಿದ್ದೇವೆ. ಎದುರಾಳಿ ಪಟ್ಟು ಬದಲಿಸಿದೊಡನೆ ಅವನು ನೀರು ಕೇಳುತ್ತಾನೆ.

ಇನ್ನು ಭಾಷೆಯ ವಿಷಯ. ಮೊದಲ ತೊಡಕು “ಓದು” ಎಂಬ ಶಬ್ದದಲ್ಲಿಯೇ ಇದೆ. “ನೀನು ಎಷ್ಟು ಓದಿದ್ದೀಯೆ?” ಎಂದು ನನ್ನ ಅಮ್ಮನನ್ನು ಕೇಳಿದರೆ “ನಾಲ್ಕನೇ ಇಯತ್ತೆ” ಎನ್ನುತ್ತಾಳೆ. “ನಾನು ಬಿ.ಎ. ಓದುತ್ತಿದ್ದೇನೆ” ಎಂಬುದೂ ಓದೇ, “ಪೇಪರು ಓದಿದೆ” ಎಂಬುದೂ ಓದೇ, “ಓದಿದವರು” ಎಂದರೆ ವಿದ್ಯಾವಂತರು. ಇಂಗ್ಲೀಷು ಇವನ್ನು ಬೇರೆ ಬೇರೆ ಮಾಡಿಟ್ಟಿದೆ. ಬಿ.ಎ. ವಿಷಯಕ್ಕೆ “ಸ್ಟಡಿ”, ಪೇಪರಿನ ವಿಷಯಕ್ಕೆ “ರೀಡ್”, ವಿದ್ಯಾವಂತರಿಗೆ “ಎಜುಕೇಟೆಡ್”. ಇಂಗ್ಲೆಂಡಿನ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಇತಿಹಾಸವನ್ನು “ರೀಡ್” ಮಾಡುವ ಪ್ರಯೋಗವೂ ಉಂಟು. ಆದರೆ ಅದನ್ನು ನಂಬಿಕೊಂಡು ನಾವು ಹೊರಡುವುದು ಬೇಡ. ಓದಿನ ಅಭ್ಯಾಸವನ್ನು ಕೇಳಿದಾಗ ಪಠ್ಯಪುಸ್ತಕಗಳ ಪಟ್ಟಿ ಒಪ್ಪಿಸುವುದಕ್ಕೆ ಈ ಗೊಂದಲವೇ ಕಾರಣವೆಂದು ನನಗೆ ತೋರುತ್ತದೆ.

ಎರಡನೆಯದು ಕಾಲ. ದಿನನಿತ್ಯದ ರೂಢಿಯನ್ನು ನಾವು “ಐ ಆಮ್ ರೀಡಿಂಗ್ ನ್ಯೂಸ್‌ಪೇಪರ್ ಡೈಲಿ” ಎನ್ನುತ್ತೇವೆ. “ಐ ರೀಡ್ ದಿ ನ್ಯೂಸ್‌ಪೇಪರ್ ಎವೆರಿ ಡೇ” ಎಂಬುದು ಸರಿ. ಮೊದಲಿದ್ದು ಈಗ ಬಿಟ್ಟ ಅಭ್ಯಾಸಕ್ಕೆ “ಐ ಯೂಸ್ಡ್ ಟು ರೀಡ್”. ಭೂತಕಾಲದಲ್ಲಿ ಇದೇ ಶಬ್ದದ ಉಚ್ಚಾರ “ರೆಡ್” ಆಗುತ್ತದೆ. ಇಂಗ್ಲೀಷಿನವರು ಎರಡನ್ನೂ ಒಂದೇ ಬಗೆಯಾಗಿ ಬರೆಯುತ್ತಾರೆ, ನಮ್ಮ ಲಿಪಿಯಾದರೋ ಭೇದವನ್ನು ಕಣ್ಣಿಗೇ ತೋರಿಸುತ್ತದೆ. ಕಾದಂಬರಿಯ ಕಥೆ ಹೇಳುವಾಗ ಮಾತ್ರ ಇಂಗ್ಲೀಷಿನಲ್ಲಿ ವರ್ತಮಾನಕಾಲವೇ ರೂಢಿ. ನಮ್ಮ ಕನ್ನಡದ ಧಾಟಿ ಅದಕ್ಕೆ ಅಡ್ಡಿಯಾಗುವುದಿಲ್ಲ, ಅಪಭ್ರಂಶವಿಲ್ಲದೆ ತಿಳಿಯುವಂತಿದ್ದರೆ ಸಾಕು.

ಈಗ ಮುಖ್ಯ ಸಂಗತಿ: ಏನನ್ನು ಹೇಳುವುದು? ಇದ್ದುದನ್ನು. ನಮ್ಮ ಕೇರಿಯ ಮನೆಗಳಲ್ಲಿ ಓದು ಹೇಗೆ ಬಂತೆಂಬುದನ್ನು ಸ್ವಲ್ಪ ನೆನೆಯಿರಿ. ಕಾನಸೂರಿನ ಅಂಗಡಿಯಿಂದ ಸಕ್ಕರೆ, ಬೇಳೆ ಕಟ್ಟಿಸಿ ತಂದ ಪತ್ರಿಕೆಯ ಚೂರನ್ನು ಬಿಡಿಸಿ ಓದಿದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ? ಕಥೆಯ ಮೊದಲ ಅರ್ಧ ಸಿಕ್ಕಿ ಉಳಿದ ಅರ್ಧ ಸಿಕ್ಕದೆ, ಕೊನೆಯನ್ನು ನಾವೇ ಕಟ್ಟಿಕೊಂಡದ್ದುಂಟು. ಅಡಿಕೆ ಸುಲಿಯುವ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರಿಗೆ ಶಾಲೆಗೆ ಹೋಗುವ ಹುಡುಗಿ ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದಿ ಹೇಳುವುದು, ನಡುವೆ ಯಾರೋ “ತಡಿ ತಡಿ, ಅವಳು ಯಾಕೆ ಹಾಂಗೆ ಅಂದಳು?” ಎಂದು ತಡೆಯುವುದು — ಇದು ಓದಿನ ಅಭ್ಯಾಸವಲ್ಲವೆ? “ದಿ ಪೇಪರ್ ಅವರ್ ಶುಗರ್ ವಾಸ್ ರ‍್ಯಾಪ್ಡ್ ಇನ್” ಎಂದು ಒಂದು ವಾಕ್ಯ ಹೇಳಿ ನೋಡಿ. ಪರೀಕ್ಷಕರು ಆ ದಿನ ಕೇಳಿರಬಹುದಾದ ನೂರೊಂದು “ರೀಡಿಂಗ್ ಈಸ್ ಮೈ ಹಾಬಿ”ಗಳ ನಡುವೆ ಅದು ಬೇರೆಯಾಗಿ ನಿಲ್ಲುತ್ತದೆ. ಮೇಲಾಗಿ ಮುಂದೆ ಎಂಥ ಪ್ರಶ್ನೆ ಬಂದರೂ ನಮ್ಮಲ್ಲಿ ಉತ್ತರವಿದೆ, ಏಕೆಂದರೆ ಅದು ನಡೆದದ್ದು.

ಚೀಟಿಯಲ್ಲಿ “ನಿಮಗೆ ಮೆಚ್ಚುಗೆಯಾದ ಪುಸ್ತಕವೊಂದನ್ನು ವರ್ಣಿಸಿ” ಎಂಬರ್ಥದ ವಿಷಯ ಬಂತೆನ್ನಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ವನ್ನು ಓದದ ಮಲೆನಾಡಿನ ವಿದ್ಯಾರ್ಥಿ ಕಡಿಮೆ. 1980ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಒಬ್ಬ ವಿಜ್ಞಾನಿಯೂ ಹಳ್ಳಿಯ ಕೆಲವರೂ ಕೂಡಿ ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೋಗುತ್ತಾರೆ. “ಎ ಸೈಂಟಿಸ್ಟ್ ಅಂಡ್ ಸಮ್ ವಿಲೇಜರ್ಸ್ ಗೋ ಇನ್‌ಟು ದಿ ಫಾರೆಸ್ಟ್ ಟು ಫೈಂಡ್ ಎ ಲಿಜರ್ಡ್ ದಟ್ ಫ್ಲೈಸ್” — ಇಷ್ಟಕ್ಕೆ ಎಂಟನೆಯ ತರಗತಿಯ ಇಂಗ್ಲೀಷು ಸಾಕು. ಅನಂತರ ಮಂದಣ್ಣ. ಜೇನು ಹಿಡಿಯುವ ಈ ಹಳ್ಳಿಗನನ್ನು ಊರವರು ಹಗುರವಾಗಿ ಕಂಡರೂ ಕರ್ವಾಲೊ ಅವನಲ್ಲಿ ಹುಟ್ಟುವಿಜ್ಞಾನಿಯನ್ನು ಕಾಣುತ್ತಾರೆ. ನಮ್ಮೂರಲ್ಲಿ ಮಂದಣ್ಣನಂಥವರು ಯಾರೆಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿದರೆ ಎರಡು ನಿಮಿಷ ತುಂಬಿ ಹೋಗುತ್ತದೆ. ಪರೀಕ್ಷಕರು ಆ ಪುಸ್ತಕವನ್ನು ಓದಿರಬೇಕಾದುದಿಲ್ಲ. ಓದಿಲ್ಲದಿದ್ದರೆ ಒಳ್ಳೆಯದೇ, ಆಗ ನಾವು ನಿಜವಾಗಿಯೂ ಅವರಿಗೆ ಒಂದು ಸುದ್ದಿ ಹೇಳುತ್ತಿದ್ದೇವೆ.

ಕನ್ನಡದ ಪದವನ್ನು ಬಿಡಬೇಕೆ, ಇಟ್ಟುಕೊಳ್ಳಬೇಕೆ? ನನ್ನ ಮತ ಇಟ್ಟುಕೊಳ್ಳಬೇಕೆಂದೇ. ಬಾನು ಮುಷ್ತಾಕರ ಕಥೆಗಳನ್ನು ದೀಪಾ ಭಾಸ್ತಿಯವರು ಇಂಗ್ಲೀಷಿಗೆ ತಂದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅದರಲ್ಲಿ ಕನ್ನಡದ ಮಾತುಗಳು ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ಇಂಗ್ಲೀಷಿನ ಸಾಲುಗಳ ನಡುವೆ ಕುಳಿತಿವೆ. ಬಾಯಿಮಾತಿನಲ್ಲಿ ಮಾತ್ರ ಪದದ ಹಿಂದೆಯೇ ಒಂದು ಚಿಕ್ಕ ವಿವರಣೆ ಬೇಕು. ಷಟ್ಪದಿ ಎಂದೊಡನೆ “ಎ ವರ್ಸ್ ಆಫ್ ಸಿಕ್ಸ್ ಲೈನ್ಸ್”. ತಾಳಮದ್ದಳೆಯೆಂದೊಡನೆ “ದೇ ಸಿಟ್ ಅಂಡ್ ಆರ್ಗ್ಯೂ ಆ್ಯಸ್ ದಿ ಕ್ಯಾರೆಕ್ಟರ್ಸ್ ಆಫ್ ಆ್ಯನ್ ಓಲ್ಡ್ ಸ್ಟೋರಿ, ನೋ ಕಾಸ್ಟ್ಯೂಮ್ಸ್, ನೋ ಡಾನ್ಸ್”. ನಾನು ಇದನ್ನು ಒಂದೇ ಬಾರಿಗೆ ಹೇಳಿದವನಲ್ಲ. ಹಾಸ್ಟೆಲಿನ ಗೆಳೆಯರ ಮೇಲೆ ಹತ್ತಾರು ಸಲ ಪ್ರಯೋಗಿಸಿದ್ದೇನೆ.

ಮೆಚ್ಚದುದನ್ನು ಹೇಳುವುದಕ್ಕೂ ಹೆದರಬಾರದು. ಪರೀಕ್ಷಕರು ಅಳೆಯುವುದು ಅಭಿಪ್ರಾಯವನ್ನಲ್ಲ, ಅದನ್ನು ಹೇಳುವ ರೀತಿಯನ್ನು. ಪತ್ತೇದಾರಿ ಕಾದಂಬರಿ ಇಷ್ಟ, ಕವಿತೆ ಹಿಡಿಸುವುದಿಲ್ಲ ಎನ್ನುವವನು ಕಾರಣವೊಂದನ್ನು ಕೊಟ್ಟರೆ, ಎಲ್ಲವೂ ಇಷ್ಟವೆನ್ನುವವನಿಗಿಂತ ಮೇಲು.

ಚರ್ಚೆಯ ಭಾಗದಲ್ಲಿ “ಈಗಿನವರು ಓದುವುದು ಕಡಿಮೆಯಾಗಿದೆಯೆ? ಗ್ರಂಥಾಲಯಗಳು ಬೇಕೆ?” ಎಂಬಂಥ ಪ್ರಶ್ನೆಗಳು ಬರುವುದುಂಟು. ಇಲ್ಲಿ ಜಗತ್ತಿನ ಮಾತು ಬಿಟ್ಟು ಕಣ್ಣೆದುರಿನದನ್ನು ಹಿಡಿಯುವುದು ಯುಕ್ತ. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಆದದ್ದು 1965ರಲ್ಲಿ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದು ಈಗ “ಅರಿವು ಕೇಂದ್ರ”ಗಳೆನಿಸಿವೆ. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಮೊಬೈಲು ಸತ್ತಾಗ ಅಚ್ಚಿನ ಪುಸ್ತಕವೊಂದೇ ಗತಿ ಎಂಬುದನ್ನು ನಾವು ಹೇಳಬಲ್ಲೆವು. ದೊಡ್ಡ ಪಟ್ಟಣದವನು ಹೇಳಲಾರ.

ಅಭ್ಯಾಸಕ್ಕೆ ಇಬ್ಬರು ಮತ್ತು ಒಂದು ಗಡಿಯಾರ ಸಾಕು. ಒಬ್ಬನು ಚೀಟಿ ಕೊಡಲಿ. ಇನ್ನೊಬ್ಬನು ಒಂದು ನಿಮಿಷ ನಾಲ್ಕು ಶಬ್ದ ಮಾತ್ರ ಗುರುತು ಹಾಕಿಕೊಂಡು ಎರಡು ನಿಮಿಷ ಮಾತನಾಡಲಿ. ವಾಕ್ಯ ಬರೆದುಕೊಳ್ಳಬಾರದು. ಮುಗಿದ ಮೇಲೆ ಚೀಟಿ ಕೊಟ್ಟವನು ಕಥೆಯೊಳಗಿನಿಂದಲೇ ಮೂರು ಪ್ರಶ್ನೆ ಕೇಳಬೇಕು, ಅದರಲ್ಲಿ ಒಂದಾದರೂ “ನಿನಗೆ ಹಿಡಿಸದವರು ಯಾರು?” ಎಂಬುದಿರಲಿ. ಅಕ್ಕ ಈಗ ಭಾನುವಾರಗಳಲ್ಲಿ ನನ್ನೊಡನೆ ಫೋನಿನಲ್ಲಿ ಹೀಗೆಯೇ ಅಭ್ಯಾಸ ಮಾಡುತ್ತಿದ್ದಾಳೆ. ಹೋದ ವಾರ ಅವಳು ಆರಿಸಿಕೊಂಡ ವಿಷಯ ಅಡಿಕೆ ಸುಲಿಯುವ ರಾತ್ರಿಯ ಧಾರಾವಾಹಿ. ಗಡಿಯಾರ ಎರಡು ನಿಮಿಷ ದಾಟಿದರೂ ನಿಲ್ಲಿಸಲಿಲ್ಲ.