ಪುಕ್ಕಟೆ ಅಪ್‌ಡೇಟ್, ದುಬಾರಿ ಕೀಬೋರ್ಡ್

ಐಪ್ಯಾಡ್‌ಓಎಸ್ 26 ಎಂಬ ಹೊಸ ತಂತ್ರಾಂಶ ಬಂದದ್ದು 2025ರ ಸೆಪ್ಟೆಂಬರ್ 15ರಂದು. ಅದಕ್ಕೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಆದರೂ ಅದನ್ನು ಹಾಕಿಕೊಂಡ ಮೇಲೆ ನನ್ನ ಮನೆ ಲೆಕ್ಕದ ಪುಸ್ತಕದಲ್ಲಿ ಎರಡು ಸಾಲು ಹೊಡೆದುಹಾಕಿದೆ. ಪಿಡಿಎಫ್ ತಿದ್ದುವುದಕ್ಕೆಂದು ವರ್ಷವರ್ಷವೂ ಕಟ್ಟುತ್ತಿದ್ದ ಒಂದು ಆ್ಯಪ್‌ನ ಚಂದಾ ಮೊದಲನೆಯದು. ಮುಂದೆ ಕೊಳ್ಳೋಣ ಎಂದು ಬರೆದಿಟ್ಟಿದ್ದ, ಹೆಚ್ಚುಕಡಿಮೆ ಇಪ್ಪತ್ತೈದು ಸಾವಿರ ರೂಪಾಯಿಯ ಕೀಬೋರ್ಡ್ ಎರಡನೆಯದು. ಟ್ಯಾಬ್ಲೆಟ್ ಅಪ್‌ಡೇಟನ್ನು ನಾವು ತಂತ್ರಜ್ಞಾನದ ಸುದ್ದಿ ಎಂದು ಓದಿ ಪುಟ ತಿರುಗಿಸುತ್ತೇವೆ. ಅದು ದುಡ್ಡಿನ ಸುದ್ದಿಯೂ ಹೌದು. ಹೊಸ ಪರಿಕರ ಕೊಳ್ಳುವ ಮುಂಚೆ ಹೊಸ ಅಪ್‌ಡೇಟ್ ಜೊತೆ ಕೆಲವು ವಾರ ಕೆಲಸ ಮಾಡಿ ನೋಡಬೇಕು ಎಂಬುದು ಈಗ ನಾನು ಎಲ್ಲರಿಗೂ ಹೇಳುವ ಮಾತು.

ನನ್ನದು ಹತ್ತನೇ ತಲೆಮಾರಿನ ಸಾದಾ ಐಪ್ಯಾಡ್. 2022ರ ಅಕ್ಟೋಬರಿನಲ್ಲಿ ಬಂದಾಗ ಅದಕ್ಕೆ 44,900 ರೂಪಾಯಿ. 2024ರ ಮೇ ತಿಂಗಳಲ್ಲಿ 34,900ಕ್ಕೆ ಇಳಿಯಿತು, ಆಗ ತಂದೆ. 64 ಜಿಬಿ, ವೈಫೈ ಮಾತ್ರ. ಅಂಕಣದ ಪ್ರೂಫ್ ತಿದ್ದುವುದು, ಬ್ಯಾಂಕ್ ಸ್ಟೇಟ್‌ಮೆಂಟ್ ಮತ್ತು ಮ್ಯೂಚುವಲ್ ಫಂಡ್ ಲೆಕ್ಕ ನೋಡುವುದು, ವಿಮೆ ಪಾಲಿಸಿಯ ಸಣ್ಣ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ಓದುವುದು: ಅದಕ್ಕಿರುವ ಕೆಲಸ ಇಷ್ಟೇ. ಚಿತ್ರ ಬಿಡಿಸುವವಳಲ್ಲ, ವಿಡಿಯೊ ಎಡಿಟ್ ಮಾಡುವವಳೂ ಅಲ್ಲ. ಮುಂದೆ ಬರೆದಿರುವುದನ್ನು ಈ ಬಳಕೆಯ ಹಿನ್ನೆಲೆಯಲ್ಲೇ ಓದಿಕೊಳ್ಳಿ.

ಹೊಸ ಆವೃತ್ತಿಯಲ್ಲಿ ನನಗೆ ಲಾಭ ತಂದದ್ದು ಪ್ರಿವ್ಯೂ ಎಂಬ ಆ್ಯಪ್. ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಮೊದಲಿನಿಂದಲೂ ಇದ್ದದ್ದು ಈಗ ಟ್ಯಾಬ್ಲೆಟ್‌ಗೂ ಬಂದಿದೆ. ಪಿಡಿಎಫ್ ತೆರೆದು ಗೆರೆ ಎಳೆಯಬಹುದು, ಅಂಚಿನಲ್ಲಿ ಬರೆಯಬಹುದು, ಸಹಿ ಹಾಕಬಹುದು, ಅರ್ಜಿಯ ಖಾಲಿ ಜಾಗಗಳನ್ನು ತುಂಬಬಹುದು. ಫೈಲ್ಸ್ ಆ್ಯಪ್ ಕೂಡ ಸುಧಾರಿಸಿದೆ. ಯಾವ ಬಗೆಯ ಕಡತ ಯಾವ ಆ್ಯಪ್‌ನಲ್ಲಿ ತೆರೆಯಬೇಕು ಎಂದು ನಾವೇ ಗೊತ್ತುಮಾಡಬಹುದು, ಫೋಲ್ಡರ್‌ಗಳಿಗೆ ಬಣ್ಣ ಕೊಡಬಹುದು. ತೆರಿಗೆ ಕಾಗದಗಳಿಗೆ ಒಂದು ಬಣ್ಣ, ವಿಮೆಗೆ ಇನ್ನೊಂದು ಕೊಟ್ಟಿದ್ದೇನೆ. ಜುಲೈ ತಿಂಗಳ ಗಡಿಬಿಡಿಯಲ್ಲಿ ಹುಡುಕಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅದಕ್ಕೂ ಹಿಂದಿನ ವರ್ಷ, 2024ರಲ್ಲಿ, ಐಪ್ಯಾಡ್‌ಗೆ ಕ್ಯಾಲ್ಕುಲೇಟರ್ ಬಂದಿತ್ತು. ಕೈಬರಹದಲ್ಲಿ ಕೂಡುವ ಲೆಕ್ಕ ಬರೆದು ಸಮ ಚಿಹ್ನೆ ಹಾಕಿದರೆ ಅದೇ ಉತ್ತರ ಬರೆದುಕೊಡುತ್ತದೆ. ಹೀಗೆ ತಂತ್ರಾಂಶದೊಳಗೇ ಬಂದ ಸೌಲಭ್ಯಕ್ಕೆ ಬೇರೆ ಆ್ಯಪ್‌ನಲ್ಲಿ ಇನ್ನೂ ದುಡ್ಡು ಕಟ್ಟುತ್ತಿದ್ದೇವೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನ ಮೇಲೆ ಒತ್ತಿದರೆ ಸಬ್‌ಸ್ಕ್ರಿಪ್ಷನ್ಸ್ ಎಂಬ ಪಟ್ಟಿ ಸಿಗುತ್ತದೆ. ಅಪ್‌ಡೇಟ್ ಹಾಕಿದ ದಿನವೇ ಆ ಪಟ್ಟಿ ತೆರೆದು ನೋಡುವುದು ನನಗೆ ಅಭ್ಯಾಸವಾಗಿದೆ.

ಎರಡನೇ ದೊಡ್ಡ ಬದಲಾವಣೆ ಕಿಟಕಿಗಳದ್ದು. ಕಂಪ್ಯೂಟರ್‌ನಲ್ಲಿ ಇರುವಂತೆ ಆ್ಯಪ್‌ಗಳನ್ನು ಬೇಕಾದ ಅಳತೆಗೆ ಹಿಗ್ಗಿಸಿ, ಕುಗ್ಗಿಸಿ, ಒಂದರ ಪಕ್ಕ ಒಂದು ಇಟ್ಟುಕೊಳ್ಳಬಹುದು. ಮೇಲೆ ಮೆನು ಪಟ್ಟಿ ಬಂದಿದೆ. 2022ರಲ್ಲಿ ಸ್ಟೇಜ್ ಮ್ಯಾನೇಜರ್ ಎಂಬ ಹೆಸರಿನಲ್ಲಿ ಇಂಥದ್ದು ಬಂದಾಗ ಅದು ದುಬಾರಿ ಮಾದರಿಗಳಿಗಷ್ಟೇ ಇತ್ತು. ಈ ಸಲ ನನ್ನಂಥವರ ಸಾದಾ ಐಪ್ಯಾಡ್‌ಗೂ ಸಿಕ್ಕಿದೆ. ಎಡಗಡೆ ಬ್ಯಾಂಕ್ ಸ್ಟೇಟ್‌ಮೆಂಟ್, ಬಲಗಡೆ ಲೆಕ್ಕದ ಹಾಳೆ ಇಟ್ಟುಕೊಂಡು ತಿಂಗಳ ಖರ್ಚು ತಾಳೆ ನೋಡುವುದು ಈಗ ಟ್ಯಾಬ್ಲೆಟ್‌ನಲ್ಲೇ ಮುಗಿಯುತ್ತದೆ. ಇದಕ್ಕಾಗಿಯೇ ಒಂದು ಲ್ಯಾಪ್‌ಟಾಪ್ ಬೇಕು ಎಂದುಕೊಂಡಿದ್ದವರು ಸ್ವಲ್ಪ ತಾಳಿ.

ಆದರೆ ಬಂದ ದಿನವೇ ಹಾಕಿಕೊಳ್ಳುವ ಆತುರ ಬೇಡ. ಸೆಪ್ಟೆಂಬರ್‌ನ ಆವೃತ್ತಿಯಲ್ಲಿ ಸ್ಲೈಡ್ ಓವರ್, ಸ್ಪ್ಲಿಟ್ ವ್ಯೂ ಎಂಬ ಹಳೆಯ ಸೌಲಭ್ಯಗಳನ್ನು ತೆಗೆದಿದ್ದರು. ಬಳಕೆದಾರರು ಬಿಡದೆ ಕೇಳಿದರು. ನವೆಂಬರ್‌ನ 26.1ರಲ್ಲಿ ಸ್ಲೈಡ್ ಓವರ್ ಮರಳಿತು. ಡಿಸೆಂಬರ್‌ನ 26.2ರಲ್ಲಿ ಆ್ಯಪನ್ನು ಕೆಳಗಿನ ಸಾಲಿನಿಂದ ಎಳೆದು ಪಕ್ಕಕ್ಕೆ ಕೂರಿಸುವ ಹಳೆಯ ರೀತಿಯೂ ಬಂತು. ನಾನು ಹಾಕಿಕೊಂಡದ್ದು 26.1 ಬಂದ ಮೇಲೆ. ಒಮ್ಮೆ ಮುಂದಿನ ಆವೃತ್ತಿಗೆ ಹೋದವರಿಗೆ ಕೆಲವೇ ವಾರಗಳಲ್ಲಿ ಹಿಂದಿನದಕ್ಕೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಭದ್ರತೆಯ ಚಿಂತೆ ಇರುವವರಿಗೆ ಒಂದು ಮಾತು: ಅದೇ ಸೆಪ್ಟೆಂಬರ್ 15ರಂದು ಹಳೆಯ ಸಾಲಿನ ಐಪ್ಯಾಡ್‌ಓಎಸ್ 18.7 ಕೂಡ ಬಂದಿತ್ತು. ಹಾಗಾಗಿ ಕೆಲವು ವಾರ ಕಾಯುವುದರಿಂದ ಬ್ಯಾಂಕಿಂಗ್ ಆ್ಯಪ್‌ಗಳಿಗೆ ಅಪಾಯ ತಂದುಕೊಂಡಂತಾಗುವುದಿಲ್ಲ. ವರ್ಷಗಟ್ಟಲೆ ಮುಂದೂಡುವುದು ಮಾತ್ರ ಸಲ್ಲದು. ಗಾಜಿನಂಥ ಹೊಸ ನೋಟದಲ್ಲಿ ಅಕ್ಷರ ಸರಿಯಾಗಿ ಕಾಣದವರು ಆಕ್ಸೆಸಿಬಿಲಿಟಿಯಲ್ಲಿ ಪಾರದರ್ಶಕತೆ ಕಡಿಮೆ ಮಾಡಿಕೊಳ್ಳಬಹುದು. ನನ್ನ ಅಮ್ಮನ ಟ್ಯಾಬ್ಲೆಟ್‌ನಲ್ಲಿ ಮೊದಲು ಮಾಡಿದ ಕೆಲಸ ಅದೇ.

ಇನ್ನು ಜಾಗದ ಪ್ರಶ್ನೆ. 64 ಜಿಬಿಯಲ್ಲಿ ತಂತ್ರಾಂಶವೇ ಒಂದು ಪಾಲು ತಿನ್ನುತ್ತದೆ, ಅಪ್‌ಡೇಟ್ ಇಳಿಸಿಕೊಳ್ಳಲು ಇನ್ನಷ್ಟು ಖಾಲಿ ಜಾಗ ಬೇಕು. 2025ರ ಮಾರ್ಚ್‌ನಲ್ಲಿ ಬಂದ ಎ16 ಚಿಪ್‌ನ ಐಪ್ಯಾಡ್ ಅದೇ 34,900 ರೂಪಾಯಿಗೆ 128 ಜಿಬಿ ಕೊಡುತ್ತದೆ. ಹೊಸದಾಗಿ ಕೊಳ್ಳುವವರಿಗೆ ಅಷ್ಟು ಸಾಕು. ಅದರಲ್ಲೇ 256 ಜಿಬಿ ಬೇಕೆಂದರೆ ಹತ್ತು ಸಾವಿರ ಹೆಚ್ಚು. ಐಕ್ಲೌಡ್‌ನಲ್ಲಿ 50 ಜಿಬಿಗೆ ತಿಂಗಳಿಗೆ 75 ರೂಪಾಯಿ, ಎಂದರೆ ವರ್ಷಕ್ಕೆ 900. ಫೋಟೊ ಮತ್ತು ಕಾಗದಪತ್ರ ಇಡುವವರಿಗೆ ಆ ಹತ್ತು ಸಾವಿರದಲ್ಲಿ ಹನ್ನೊಂದು ವರ್ಷದ ಬಾಡಿಗೆ ಕಳೆಯುತ್ತದೆ. ದೊಡ್ಡ ಆಟಗಳನ್ನೂ ಸಿನಿಮಾಗಳನ್ನೂ ಒಳಗೇ ತುಂಬಿಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಪರಿಕರಗಳಲ್ಲಿ ದುಡ್ಡು ಹೆಚ್ಚು ಸೋರುವುದು ಪೆನ್ಸಿಲ್ ವಿಷಯದಲ್ಲಿ. ನಾಲ್ಕು ಬಗೆಯ ಆಪಲ್ ಪೆನ್ಸಿಲ್‌ಗಳಿವೆ: 2015ರ ಮೊದಲನೆಯದು, 2018ರ ಎರಡನೆಯದು, 2023ರ ಯುಎಸ್‌ಬಿ-ಸಿ ಪೆನ್ಸಿಲ್, 2024ರ ಪೆನ್ಸಿಲ್ ಪ್ರೊ. ಒಂದು ಟ್ಯಾಬ್ಲೆಟ್‌ಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ. ನನ್ನ ಸಾದಾ ಐಪ್ಯಾಡ್‌ನಲ್ಲಿ ಮೊದಲನೆಯದು (ಚಾರ್ಜ್ ಮಾಡಲು ಒಂದು ಅಡಾಪ್ಟರ್ ಬೇಕು) ಮತ್ತು ಯುಎಸ್‌ಬಿ-ಸಿ ಪೆನ್ಸಿಲ್ ಎರಡೇ ನಡೆಯುತ್ತವೆ. 11,900 ರೂಪಾಯಿಯ ಪೆನ್ಸಿಲ್ ಪ್ರೊ ತಂದರೆ ಅದು ಇದರ ಮೇಲೆ ಗೆರೆಯನ್ನೇ ಮೂಡಿಸದು. ಇನ್ನೂ ಕೆಟ್ಟ ಪ್ರಸಂಗ ಐಪ್ಯಾಡ್ ಏರ್‌ನವರದು. ಎಂ1 ಚಿಪ್‌ನ ಏರ್ ಜೊತೆ ಎರಡನೇ ತಲೆಮಾರಿನ ಪೆನ್ಸಿಲ್ ಕೊಂಡವರು 2024ರಲ್ಲಿ ಎಂ2 ಏರ್‌ಗೆ ಬದಲಾದರೆ ಆ ಪೆನ್ಸಿಲ್ ಹೊಸದಕ್ಕೆ ಹೊಂದುವುದಿಲ್ಲ. ಟ್ಯಾಬ್ಲೆಟ್ ಬದಲಿಸುವ ಖರ್ಚಿಗೆ ಪೆನ್ಸಿಲ್ ಖರ್ಚನ್ನೂ ಕೂಡಿಸಿಯೇ ನಿರ್ಧಾರ ಮಾಡಬೇಕು.

ನಾನು ಕೊಂಡದ್ದು 7,900 ರೂಪಾಯಿಯ ಯುಎಸ್‌ಬಿ-ಸಿ ಪೆನ್ಸಿಲ್. ಅದು ಒತ್ತಡ ಗುರುತಿಸುವುದಿಲ್ಲ, ಮೆಲ್ಲಗೆ ಬರೆದರೂ ಒತ್ತಿ ಬರೆದರೂ ಗೆರೆ ಒಂದೇ ದಪ್ಪ. ಪ್ರೂಫ್ ತಿದ್ದುವವರಿಗೆ ಅದರಿಂದ ನಷ್ಟವೇನೂ ಇಲ್ಲ. ಕನ್ನಡದ ಒತ್ತಕ್ಷರಗಳನ್ನು ಸಣ್ಣದಾಗಿ, ಸ್ಪಷ್ಟವಾಗಿ ಬರೆಯಲು ಬರುತ್ತದೆ, ಅಂಗೈ ಪರದೆಗೆ ತಾಗಿದರೂ ಗೀಚು ಬೀಳುವುದಿಲ್ಲ. ಇದಕ್ಕೆ ಮುಂಚೆ ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುವ, ಒಂದೆರಡು ಸಾವಿರದೊಳಗಿನ ಸ್ಟೈಲಸ್ ಬಳಸುತ್ತಿದ್ದೆ. ಅದೂ ಅಂಗೈಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಸಹಿ ಮಾಡಲು, ಅಡಿಗೆರೆ ಎಳೆಯಲು ಚೆನ್ನಾಗಿಯೇ ಇತ್ತು. ನಿಧಾನವಾಗಿ ಓರೆ ಗೆರೆ ಎಳೆದರೆ ಮಾತ್ರ ಗೆರೆ ಅಲೆಅಲೆಯಾಗುತ್ತಿತ್ತು. ದಿನಕ್ಕೆ ಹತ್ತು ನಿಮಿಷದ ಬಳಕೆಗೆ ಅದನ್ನೇ ಕೊಳ್ಳಿ ಎನ್ನುತ್ತೇನೆ. ದಿನವೂ ಗಂಟೆಗಟ್ಟಲೆ ಬರೆಯುವವರಿಗೆ 7,900 ರೂಪಾಯಿ ದಂಡವಲ್ಲ.

ಚಿತ್ರಕಲೆ ಓದುತ್ತಿರುವ ಅಕ್ಕನ ಮಗಳ ಲೆಕ್ಕ ಬೇರೆ. ನನ್ನ ಪೆನ್ಸಿಲ್ ತೆಗೆದುಕೊಂಡು ಒಂದು ಎಲೆ ಬಿಡಿಸಿದಳು, ವಾಪಸ್ ಕೊಟ್ಟಳು. "ಚಿಕ್ಕಮ್ಮಾ, ಒತ್ತಿದ್ರೆ ಗೆರೆ ದಪ್ಪ ಆಗ್ಬೇಕು. ಇದು ನಿಮ್ಗೆ ಸರಿ, ನಂಗಾಗಲ್ಲ" ಎಂದಳು. ಅವಳಿಗೆ ಬೇಕಾದದ್ದು ಒತ್ತಡ ಗುರುತಿಸುವ ಪೆನ್. ಸಾದಾ ಐಪ್ಯಾಡ್‌ನಲ್ಲಿ ಆ ಗುಣ ಬೇಕೆಂದರೆ 9,500 ರೂಪಾಯಿಯ, ಹತ್ತು ವರ್ಷ ಹಳೆಯ ಮೊದಲನೇ ಪೆನ್ಸಿಲ್ಲೇ ಗತಿ. ಸ್ಯಾಮ್ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್ ಸಾಲಿನಲ್ಲಿ ಒತ್ತಡ ಗುರುತಿಸುವ ಎಸ್ ಪೆನ್ ಪೆಟ್ಟಿಗೆಯೊಳಗೇ ಬರುತ್ತದೆ. ಚಿತ್ರ ಬಿಡಿಸುವ ಮಕ್ಕಳಿಗೆ ಕೊಡಿಸುವ ತಂದೆತಾಯಿ ಟ್ಯಾಬ್ಲೆಟ್‌ಗಳ ಬೆಲೆಯನ್ನು ಬರಿದಾಗಿ ಹೋಲಿಸಬಾರದು, ಪೆನ್ ಸೇರಿಸಿ ಹೋಲಿಸಬೇಕು. ವಿದ್ಯಾರ್ಥಿಗಳಿಗೂ ಶಿಕ್ಷಕರಿಗೂ ಇರುವ ರಿಯಾಯಿತಿ ದರವನ್ನೂ ಕೇಳಿ ಪಡೆಯಬೇಕು.

ಈಗ ಕೀಬೋರ್ಡ್. ನನ್ನ ಐಪ್ಯಾಡ್‌ಗೆಂದೇ ಮಾಡಿದ ಮ್ಯಾಜಿಕ್ ಕೀಬೋರ್ಡ್ ಫೋಲಿಯೊಗೆ 24,900 ರೂಪಾಯಿ. ಕಿಟಕಿಗಳ ಸೌಲಭ್ಯ ಬಂದ ಮೇಲೆ ಕೀಬೋರ್ಡ್, ಟ್ರ್ಯಾಕ್‌ಪ್ಯಾಡ್ ಇದ್ದರೆ ಕೆಲಸ ಸಲೀಸು ಎಂಬುದು ನಿಜ. 2025ರ ಸೆಪ್ಟೆಂಬರ್ 2ರಂದು ಹೆಬ್ಬಾಳದ ಹತ್ತಿರ ಕರ್ನಾಟಕದ ಮೊದಲ ಆಪಲ್ ಮಳಿಗೆ ತೆರೆಯಿತು. ಅಲ್ಲಿಗೆ ಹೋಗಿ ನಿಂತು ಟೈಪ್ ಮಾಡಿ ನೋಡಿದೆ, ಕೀಲಿಗಳು ಬೆರಳಿಗೆ ಹಿತವಾಗಿದ್ದವು. ಯಾರೂ ಕೊಳ್ಳಿ ಎಂದು ಒತ್ತಾಯಿಸಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ.

ಲೆಕ್ಕ ಹೀಗೆ. 2019ರ ಏಳನೇ ತಲೆಮಾರಿನ ಐಪ್ಯಾಡ್‌ಗೆ ಐಪ್ಯಾಡ್‌ಓಎಸ್ 26 ಸಿಗಲಿಲ್ಲ, 2020ರ ಎಂಟನೆಯದಕ್ಕೆ ಸಿಕ್ಕಿತು. ಎಂದರೆ ಏಳನೆಯದಕ್ಕೆ ಸುಮಾರು ಆರು ವರ್ಷ ಹೊಸ ಆವೃತ್ತಿಗಳು ಬಂದವು. 2022ರ ನನ್ನದಕ್ಕೂ ಅಷ್ಟೇ ಸಿಕ್ಕರೆ 2028ರವರೆಗೆ, ಇನ್ನು ಸುಮಾರು ಮೂರು ವರ್ಷ. 24,900 ರೂಪಾಯಿಯನ್ನು ಮೂರು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 8,300, ತಿಂಗಳಿಗೆ ಸುಮಾರು 690. ಫೋಲಿಯೊ ಎ16 ಐಪ್ಯಾಡ್‌ಗೂ ಹೊಂದುತ್ತದೆ, ಹಾಗಾಗಿ ಅದನ್ನು ಮುಂದೆ ಕೊಳ್ಳುವವರಿಗೆ ಆಯುಷ್ಯ ಇನ್ನಷ್ಟಿದೆ ಎಂದು ಒಪ್ಪಬೇಕು. ಆದರೆ ಸುಮಾರು ಮೂರು ಸಾವಿರದ ಬ್ಲೂಟೂತ್ ಕೀಬೋರ್ಡ್ ಫೋನ್‌ಗೂ ಲ್ಯಾಪ್‌ಟಾಪ್‌ಗೂ ಯಾವ ಕಂಪನಿಯ ಟ್ಯಾಬ್ಲೆಟ್‌ಗೂ ಹೊಂದುತ್ತದೆ. 2020ರ ಮಾರ್ಚ್‌ನಿಂದ ಐಪ್ಯಾಡ್‌ಗೆ ಸಾಮಾನ್ಯ ಬ್ಲೂಟೂತ್ ಮೌಸ್ ಕೂಡ ಚೆನ್ನಾಗಿ ಒಗ್ಗುತ್ತದೆ. ಎರಡನ್ನೂ ಒಂದು ನಿಲ್ಲಿಸುವ ಕವರ್ ಜೊತೆ ಐದು ಸಾವಿರದೊಳಗೆ ಮುಗಿಸಿದೆ. ಬಸ್ಸಿನಲ್ಲಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬರೆಯುವವರಿಗೆ ಫೋಲಿಯೊ ವಾಸಿ. ನನ್ನ ಬರವಣಿಗೆ ಮೇಜಿನ ಮೇಲೆ. ಒಂದು ಎಚ್ಚರಿಕೆ: ಯಾವ ಕೀಬೋರ್ಡ್ ಆದರೂ ಅಂಗಡಿಯಲ್ಲೇ ನಿಮ್ಮ ಟ್ಯಾಬ್ಲೆಟ್‌ಗೆ ಜೋಡಿಸಿ ಕನ್ನಡದಲ್ಲಿ ಒಂದು ಪ್ಯಾರಾ ಬಡಿದು ನೋಡಿ, ಆಮೇಲೆ ದುಡ್ಡು ಕೊಡಿ.

ಯುಎಸ್‌ಬಿ ಹಬ್, ವೇಗದ ಎಸ್‌ಎಸ್‌ಡಿ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾದಾ ಐಪ್ಯಾಡ್‌ನ ಯುಎಸ್‌ಬಿ-ಸಿ ಕಿಂಡಿ ನೋಡಲು ಹೊಸದಾದರೂ ಅದರ ವೇಗ ಹಳೆಯ ಯುಎಸ್‌ಬಿ 2.0ದ್ದು, ಸೆಕೆಂಡಿಗೆ 480 ಮೆಗಾಬಿಟ್. ದುಬಾರಿ ಹಬ್ ಹಾಕಿದರೆ ಅದು ಹೆಚ್ಚುವುದಿಲ್ಲ. ಹೊರಗಿನ ಮಾನಿಟರ್‌ನಲ್ಲಿ ಬೇರೆ ಕಿಟಕಿಗಳನ್ನು ಇಡುವ ಸೌಲಭ್ಯವೂ ಎಂ ಸಾಲಿನ ಚಿಪ್ ಇರುವ ಐಪ್ಯಾಡ್‌ಗಳಿಗೆ ಮಾತ್ರ.

ಪಾವತಿಯ ವಿಷಯಕ್ಕೆ ಬರೋಣ. ಟ್ಯಾಬ್ಲೆಟ್‌ಗೂ ಪರಿಕರಗಳಿಗೂ ಜಿಎಸ್‌ಟಿ ಶೇ 18. 2025ರ ಸೆಪ್ಟೆಂಬರ್ 22ರ ದರ ಇಳಿಕೆಯಲ್ಲಿ ಟಿವಿ, ಎಸಿ ಅಗ್ಗವಾದವು, ಇವು ಆಗಲಿಲ್ಲ. 7,900 ರೂಪಾಯಿಯ ಪೆನ್ಸಿಲ್‌ನಲ್ಲಿ ಸುಮಾರು 1,205 ರೂಪಾಯಿ ತೆರಿಗೆಯೇ. ಜಿಎಸ್‌ಟಿ ನೋಂದಣಿ ಇರುವವರು ವ್ಯವಹಾರಕ್ಕಾಗಿ ಕೊಳ್ಳುವುದಾದರೆ ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಬರೆಸಿಕೊಳ್ಳಬೇಕು. ಬಡ್ಡಿಯಿಲ್ಲದ ಇಎಂಐ ಎಂಬ ಫಲಕ ಕಂಡರೆ ನಿಂತು ಓದಿ. ಸೊನ್ನೆ ಬಡ್ಡಿಯ ಸಾಲ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟು ಮೊತ್ತವನ್ನು ರಿಯಾಯಿತಿ ಎಂದು ಕಳೆಯುತ್ತಾರೆ. ಕ್ರೆಡಿಟ್ ಕಾರ್ಡ್‌ನಲ್ಲಿ ಆ ಬಡ್ಡಿಯ ಮೇಲಿನ ಜಿಎಸ್‌ಟಿ ಮತ್ತು ಸಂಸ್ಕರಣಾ ಶುಲ್ಕ ನಮ್ಮ ಪಾಲಿಗೇ ಉಳಿಯುತ್ತವೆ. ಒಮ್ಮೆಗೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿ ನೋಡಿದ ನಂತರವೇ ಸಹಿ ಮಾಡಿ.

ಕೊಳ್ಳಲು ಹೊರಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಅಬೌಟ್ ತೆರೆಯಿರಿ. ಅಲ್ಲಿ ನಿಮ್ಮ ಟ್ಯಾಬ್ಲೆಟ್‌ನ ಪೂರ್ತಿ ಹೆಸರು, ತಲೆಮಾರು, ಮಾದರಿ ಸಂಖ್ಯೆ ಇರುತ್ತವೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಅದು ಬಿಡುಗಡೆಯಾದ ವರ್ಷವನ್ನೂ ಬರೆಯಿರಿ. ಅಂಗಡಿಯವರಿಗೆ ಆ ಚೀಟಿ ತೋರಿಸಿ, ಈ ಪರಿಕರ ಇದಕ್ಕೆ ಹೊಂದುತ್ತದೆ ಎಂದು ಅವರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.