‘ಗ್ಲೇರ್’: ಕೋರೈಸುವ ಬೆಳಕು, ಕೆಕ್ಕರಿಸುವ ನೋಟ

ಇಂಗ್ಲಿಷಿನಲ್ಲಿ ಹೊಳಪನ್ನು ಸೂಚಿಸುವ ಕ್ರಿಯಾಪದಗಳು ಹಲವು: ಶೈನ್, ಗ್ಲೋ, ಗ್ಲೀಮ್, ಗ್ಲಿಟರ್, ಗ್ಲೇರ್. ಇವುಗಳಲ್ಲಿ ಕೊನೆಯದಕ್ಕೆ ‘ಪ್ರಕಾಶಮಾನವಾಗಿ ಹೊಳೆ’ ಎಂದಷ್ಟೇ ಅರ್ಥ ಬರೆಯಿಸಿದರೆ ವಿದ್ಯಾರ್ಥಿಯು ‘ದಿ ಮೂನ್ ಗ್ಲೇರ್ಡ್’ ಎಂದು ಬರೆದಾನು. ಆ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಬೆಳದಿಂಗಳು ಕಣ್ಣನ್ನು ನೋಯಿಸುವುದಿಲ್ಲ, ಗ್ಲೇರ್ ನೋಯಿಸುತ್ತದೆ. ಅಂಕ ಕಳೆದು ಸುಮ್ಮನಾದರೆ ಮಗುವಿಗೆ ತನ್ನ ತಪ್ಪೇನೆಂಬುದೇ ತಿಳಿಯದು.

ನಡುಹಗಲಿನಲ್ಲಿ ತಗಡಿನ ಮಾಡಿನಿಂದ ಚಿಮ್ಮುವ ಬಿಸಿಲು, ಇರುಳಿನಲ್ಲಿ ಎದುರು ಬರುವ ಲಾರಿಯ ಹೆಡ್‌ಲೈಟು, ಕಿಟಕಿಯ ಬೆಳಕು ಬಿದ್ದು ಅಕ್ಷರ ಕಾಣದಂತಾದ ಕರಿಹಲಗೆ: ಇವೆಲ್ಲ ಗ್ಲೇರ್. ಕರಿಹಲಗೆಯ ಉದಾಹರಣೆಯನ್ನು ತರಗತಿಯಲ್ಲಿಯೇ ತೋರಿಸಬಹುದು. ಪಕ್ಕದ ಸಾಲಿನ ಮಕ್ಕಳು ಅದನ್ನು ದಿನವೂ ಅನುಭವಿಸುತ್ತಿರುತ್ತಾರೆ. ಕನ್ನಡದಲ್ಲಿ ‘ಕಣ್ಣು ಕೋರೈಸು’, ‘ಕಣ್ಣು ಕುಕ್ಕು’ ಎಂಬವು ಇದಕ್ಕೆ ಹೊಂದುವ ಮಾತುಗಳು. ನಂದಾದೀಪಕ್ಕೆ ಗ್ಲೋ, ತಿಕ್ಕಿ ಬೆಳಗಿದ ಹಿತ್ತಾಳೆಯ ತಂಬಿಗೆಗೆ ಗ್ಲೀಮ್, ಜರಿಯಂಚಿಗೆ ಗ್ಲಿಟರ್ ಸಲ್ಲುತ್ತವೆ.

ಈ ಪದಕ್ಕೆ ಮೊದಲಿದ್ದುದು ಬೆಳಕಿನ ಅರ್ಥ. ಸಿಟ್ಟಿನ ನೋಟದ ಅರ್ಥ ಅನಂತರ ಸೇರಿತು. ‘ಶಿ ಗ್ಲೇರ್ಡ್ ಅಟ್ ಹಿಮ್’ ಎಂದರೆ ಆಕೆ ಅವನನ್ನು ಕೆಕ್ಕರಿಸಿ ನೋಡಿದಳು. ಇಲ್ಲಿ ‘ಅಟ್’ ಎಂಬ ಉಪಸರ್ಗವನ್ನು ಬಿಡುವಂತಿಲ್ಲ. ಕನ್ನಡದ ದ್ವಿತೀಯಾ ವಿಭಕ್ತಿಯ ರೂಢಿಯಿಂದ ಮಕ್ಕಳು ‘ಗ್ಲೇರ್ಡ್ ಹಿಮ್’ ಎಂದು ಬರೆಯುವುದು ಸಹಜವಾದುದರಿಂದ ಈ ಅಂಶವನ್ನು ಎರಡು ಬಾರಿ ಹೇಳುವುದು ಒಳಿತು. ನಾಮಪದವಾದಾಗ ನೋಟದ ಅರ್ಥದಲ್ಲಿ ‘ಎ ಗ್ಲೇರ್’ ಎನ್ನಬಹುದು. ಬೆಳಕಿನ ಅರ್ಥದಲ್ಲಿ ಸಾಮಾನ್ಯವಾಗಿ ‘ದಿ ಗ್ಲೇರ್ ಆಫ್ ದಿ ಸನ್’ ಎಂಬಂತೆ ಏಕವಚನವೇ ಬರುತ್ತದೆ.

‘ಗ್ಲೇರಿಂಗ್ ಮಿಸ್ಟೇಕ್’ ಎಂಬ ಪ್ರಯೋಗವನ್ನು ‘ಹೊಳೆಯುವ ತಪ್ಪು’ ಎಂದು ಅನುವಾದಿಸಿದರೆ ತಪ್ಪನ್ನು ಹೊಗಳಿದಂತಾಗುತ್ತದೆ. ‘ಕಣ್ಣಿಗೆ ರಾಚುವ ತಪ್ಪು’ ಎಂದರೆ ಸರಿಹೋಗುತ್ತದೆ. ಎರಡು ಭಾಷೆಗಳೂ ಇಲ್ಲಿ ಒಂದೇ ರೂಪಕವನ್ನು ಹಿಡಿದಿವೆ.

ಗಡಿನಾಡಿನ ಮಕ್ಕಳಿಗೆ ನೆರೆಭಾಷೆಯೂ ನೆರವಾಗುತ್ತದೆ. ಕನ್ನಡದ ಮಿನುಗು, ಮಿಂಚುಗಳಿಗೆ ತಮಿಳಿನ ಮಿನ್ನಲ್, ಮಲಯಾಳದ ಮಿನ್ನುಕ, ತೆಲುಗಿನ ಮಿನುಕು ನೆಂಟರು. ‘ಮೆರೆ’ ಎಂಬ ಕನ್ನಡ ಧಾತುವಿನ ಹೊಳೆಯುವ ಅರ್ಥವು ಇಂದಿನ ಮಾತಿನಲ್ಲಿ ಮಸುಕಾಗಿದೆ. ಮಡಕಶಿರಾ, ಆದೋನಿ ಕಡೆಯ ಮಗು ತೆಲುಗಿನ ‘ಮೆರುಪು’ ಎಂದರೆ ಮಿಂಚೆಂದು ಬಲ್ಲುದು. ಆ ಮಗುವಿನಿಂದಲೇ ಹೇಳಿಸಿ, ಇವುಗಳಲ್ಲಿ ಯಾವುದು ಕಣ್ಣಿಗೆ ಹಿತ, ಯಾವುದು ಅಹಿತ ಎಂದು ತರಗತಿಗೆ ಕೇಳಬಹುದು. ಗ್ಲೇರ್ ಯಾವ ಗುಂಪಿಗೆ ಸೇರುವುದೆಂಬುದನ್ನು ಮಕ್ಕಳೇ ನಿರ್ಣಯಿಸಲಿ.